ಒಂದು ತಳ್ಳುಗಾಡಿಗೆ ಮೂರು ಕಾರು

ಶಿವಮೊಗ್ಗದ ರವೀಂದ್ರನಗರದ ಆ ಒಂದು ರಸ್ತೆಗೆ ನಾಲ್ಕು ವರ್ಷದಲ್ಲಿ ಮೂರು ಸಲ ಡಾಂಬರು ಬಿತ್ತು. ಮೂರು ಸಲವೂ ಹೊತ್ತು ಸುರಿದವಳು ಗುತ್ಯಮ್ಮ.

ಮೊದಲನೇ ಸಲ ಹಾಕಿದ್ದನ್ನು ನೀರಿನ ಪೈಪಿಗೆಂದು ಅಗೆದರು. ಎರಡನೇ ಸಲ ಹಾಕಿದ್ದನ್ನು ಕೇಬಲ್ಲಿಗೆಂದು ಅಗೆದರು. ಮೂರನೇ ಸಲ ಹಾಕಿದ್ದನ್ನು ಯಾಕೆ ಅಗೆದರೋ ಅಗೆಯುತ್ತಿದ್ದವನಿಗೇ ಗೊತ್ತಿರಲಿಲ್ಲ. ಗುತ್ಯಮ್ಮ ಕೇಳಿದ್ದಕ್ಕೆ, "ಆರ್ಡರ್ ಬಂದಿದೆ ಕಣಕ್ಕ, ಅಗೀತಿದೀನಿ" ಅಂದ.

ಡಾಂಬರಿನ ಕೆಲಸ ಅಂದರೆ ಹೀಗೆ. ಲಾರಿಯಲ್ಲಿ ಬಿಸಿ ಜಲ್ಲಿ ಹೊಗೆಯಾಡುತ್ತಾ ಬರುತ್ತದೆ. ಅದನ್ನು ಕಬ್ಬಿಣದ ಬಾಂಡ್ಲಿಗೆ ತುಂಬಿ ಹೆಂಗಸರ ತಲೆಗೇರಿಸುತ್ತಾರೆ. ತಲೆಗೂ ಬಾಂಡ್ಲಿಗೂ ನಡುವೆ ಇರುವುದು ಹಳೇ ಸೀರೆಯ ಸಿಂಬೆ, ಅಷ್ಟೇ. ಕಾಲಿಗೆ ಗೋಣಿತಾಟು ಸುತ್ತಿ ಅದರ ಮೇಲೆ ಟೈರಿನ ಚಪ್ಪಲಿ. ಕೆಳಗೆ ಬಿಸಿ, ಮೇಲೆ ಬಿಸಿ, ಅದರ ಮೇಲೆ ಸೂರ್ಯ. ಹದಿನಾರು ವರ್ಷದಿಂದ ಇದೇ ಮಾಡಿ ಗುತ್ಯಮ್ಮನ ನೆತ್ತಿಯಲ್ಲಿ ಅಂಗೈ ಅಗಲದ ಜಾಗದಲ್ಲಿ ಕೂದಲಿರಲಿಲ್ಲ. ಅಂಗಾಲನ್ನು ಸೀಮೆಎಣ್ಣೆ ಹಾಕಿ ಉಜ್ಜಿದರೂ ಕಪ್ಪು ಹೋಗುತ್ತಿರಲಿಲ್ಲ. "ನಾನು ಸತ್ರೆ ಸೌದೆ ಕಮ್ಮಿ ಸಾಕು ಕಣ್ರೇ, ಅರ್ಧ ಬೆಂದೇ ಇದೀನಿ" ಅನ್ನುತ್ತಿದ್ದಳು.

ಅವಳ ಮನೆ ಇದ್ದದ್ದು ಭದ್ರಾವತಿಯ ಕಾಗದನಗರದ ಹಿಂದೆ, ಬಿದಿರುಗುಡ್ಡೆ ಕಾಲೋನಿಯಲ್ಲಿ. ಅಲ್ಲಿನ ಕಾಗದದ ಕಾರ್ಖಾನೆ ನಡೆಯುತ್ತಿದ್ದಾಗ ಲಾರಿಗಳಿಂದ ಬಿದಿರು ಇಳಿಸುತ್ತಿದ್ದ ಕಂತ್ರಾಟು ಕೂಲಿಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಕಾರ್ಖಾನೆ ಬಾಗಿಲು ಹಾಕಿತು. ಬಿದಿರು ಹೋಯಿತು. ಜನ ಎಲ್ಲಿಗೆ ಹೋಗಬೇಕು? ಉಳಿದರು. ಎಪ್ಪತ್ತು ಮನೆ, ಎಪ್ಪತ್ತೂ ದಲಿತರವು. ಕಾರ್ಖಾನೆ ಕ್ವಾರ್ಟರ್ಸಿನ ಕೊನೆಯ ತಿರುವಿನಿಂದ ಕಾಲೋನಿಗೆ ಒಂದೂಕಾಲು ಕಿಲೋಮೀಟರ್. ಅದನ್ನು ರಸ್ತೆ ಅಂತ ಕರೆಯುತ್ತಿದ್ದದ್ದು ಬರೀ ಅಭ್ಯಾಸದಿಂದ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಮೊಣಕಾಲುದ್ದದ ಗುಂಡಿ. ಬಸ್ಸು ತಿರುವಿನಲ್ಲೇ ನಿಲ್ಲುತ್ತಿತ್ತು. ಆಟೋದವರು ತಿರುವಿಗೆ ಬಂದರೆ, "ಇಳೀರಮ್ಮ, ಇಲ್ಲಿಂದ ಮುಂದೆ ಆಟೋ ಅಲ್ಲ, ದೋಣಿ ಬೇಕು" ಅನ್ನುತ್ತಿದ್ದರು.

ಗುತ್ಯಮ್ಮನ ಗಂಡ ಭೂತಪ್ಪ ಒಂದು ಕಾಲದಲ್ಲಿ ಬಿದಿರು ಇಳಿಸಿದವನು, ಆಮೇಲೆ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿದವನು. ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟುತ್ತದೆ. ಆ ಎರಡು ದಿನ ಗುತ್ಯಮ್ಮ ಅದೇ ಸೊಪ್ಪಿನ ಗಾಡಿ ಮೇಲೆ ಗೋಣಿಚೀಲ ಹಾಸಿ, ಗಂಡನನ್ನು ಕೂರಿಸಿ, ತಿರುವಿನವರೆಗೂ ತಳ್ಳುತ್ತಿದ್ದಳು. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಅವನ ಮೈಮೂಳೆ ಕಟಕಟ ಅನ್ನುತ್ತಿತ್ತು. ಆದರೂ ಅವನಿಗೆ ಹುಡುಗಾಟ ಹೋಗಿರಲಿಲ್ಲ. ತಲೆಗೆ ಟವೆಲ್ ಸುತ್ತಿ, ಎರಡೂ ಕಡೆಯ ಮನೆಗಳಿಗೆ ಕೈಮುಗಿಯುತ್ತಾ, "ನಿಮ್ಮ ಅಮೂಲ್ಯವಾದ ಮತ ನನಗೇ ಹಾಕಿ ತಾಯಂದಿರೇ" ಅನ್ನುತ್ತಾ ಹೋಗುತ್ತಿದ್ದ. ಹಿಂದೆ ಗುತ್ಯಮ್ಮ ಬೆವರು ಸುರಿಸುತ್ತಾ, "ಬಾಯಿ ಮುಚ್ಕೊಂಡು ಕೂರು, ಭಾರ ಜಾಸ್ತಿ ಆಗ್ತದೆ" ಅಂತ ಬೈಯುತ್ತಿದ್ದಳು.

ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ರಸ್ತೆಗಳಿಗೆ ಬರುವ ಹಣವನ್ನು ಎಲ್ಲಿ ಸುರಿಯಬೇಕು ಅಂತ ತೀರ್ಮಾನಿಸಲು ಅವಳಿನಗರ ರಸ್ತೆ ಸಮಿತಿ ಅಂತ ಒಂದಿತ್ತು. ಅದರ ಅಧ್ಯಕ್ಷರು ಓಟಿನಲ್ಲಿ ಗೆದ್ದು ಬಂದ ಷಡಕ್ಷರಪ್ಪ. ಅವರ ಮನೆ ಇದ್ದದ್ದು ರವೀಂದ್ರನಗರದ ಆ ಮೂರು ಸಲ ಡಾಂಬರು ಕಂಡ ರಸ್ತೆಯಲ್ಲೇ. ಅದು ಕಾಕತಾಳೀಯ ಅಂತ ಅವರು ಕೇಳದಿದ್ದವರಿಗೂ ಹೇಳುತ್ತಿದ್ದರು.

ಬಜೆಟ್ಟಿಗೆ ಮೊದಲು ಸಮಿತಿ ಸಾರ್ವಜನಿಕರ ಅಹವಾಲು ಕೇಳಬೇಕು ಅಂತ ನಿಯಮ. ಸಭೆ ಶಿವಮೊಗ್ಗದ ದುರ್ಗಿಗುಡಿಯ ಒಂದು ಏಸಿ ಹಾಲಿನಲ್ಲಿ. ಗುತ್ಯಮ್ಮ ಎರಡು ವರ್ಷ ಅರ್ಜಿ ಬರೆಸಿ ಕಳಿಸಿದ್ದಳು, ಉತ್ತರ ಬಂದಿರಲಿಲ್ಲ. ಮೂರನೇ ವರ್ಷ ತಾನೇ ಹೋದಳು. ಜೊತೆಗೆ ಪಕ್ಕದ ಮನೆಯ ಪುಷ್ಪಮ್ಮ. ಇಬ್ಬರೂ ಅರ್ಧ ದಿನದ ಕೆಲಸ ಮುಗಿಸಿ ಹಾಗೇ ಬಂದಿದ್ದರು.

ಬಾಗಿಲ ಹತ್ತಿರದ ಖಾಲಿ ಕುರ್ಚಿಗೆ ಗುತ್ಯಮ್ಮ ಕೈಯಿಟ್ಟಳು. ಅಟೆಂಡರ್ ಓಡಿ ಬಂದ.

"ಒಂದ್ನಿಮಿಷ ಇರಮ್ಮ."

ನ್ಯೂಸ್ ಪೇಪರ್ ತಂದು ಕುರ್ಚಿ ಮೇಲೆ ಹಾಸಿದ. ಇನ್ನೊಂದು ಹಾಳೆ ಕಾಲಿನ ಕೆಳಗೆ. "ಡಾಂಬರು ಅಂಟ್ಕೊಂಡ್ರೆ ಕಾರ್ಪೆಟ್ ಹಾಳಾಗುತ್ತೆ" ಅಂದ. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ನೀರು ಬಂತು. ಇವರಿಬ್ಬರಿಗೆ ಪೇಪರ್ ಕಪ್ಪಿನಲ್ಲಿ ಬಂತು. ಆ ಕಪ್ಪಿಗೂ ಕಾರ್ಪೆಟ್ಟಿಗೂ ಏನು ಸಂಬಂಧ ಅಂತ ಅವನು ಹೇಳಲಿಲ್ಲ. ಪುಷ್ಪಮ್ಮ ಕಪ್ಪನ್ನು ಕೈಯಲ್ಲಿ ಅಮುಕಿ ಅಲ್ಲೇ ಹಾಕಿದಳು. ನೀರು ಕಾರ್ಪೆಟ್ಟಿಗೆ ಹೋಯಿತು.

ಮೊದಲು ರವೀಂದ್ರನಗರದವರು ಎದ್ದರು. ವಾಕಿಂಗ್ ಪಾತಿನ ಟೈಲ್ಸ್ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಬದಲಾಯಿಸಬೇಕು. ಬೀದಿದೀಪದ ಕಂಬಗಳು ಒಂದೇ ಎತ್ತರ ಇಲ್ಲ. ಮೂರನೇ ಸಲ ಅಗೆದ ರಸ್ತೆಗೆ ಬೇಗ ಡಾಂಬರು ಹಾಕಿಸಬೇಕು, ಕಾರು ಧೂಳಾಗುತ್ತಿದೆ. ಷಡಕ್ಷರಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಇಂಜಿನಿಯರ್ ಹರ್ಷವರ್ಧನ ಎಲ್ಲವನ್ನೂ ಬರೆದುಕೊಂಡ.

ಗುತ್ಯಮ್ಮ ಎದ್ದಳು. ಹೇಳಬೇಕಾದ್ದನ್ನು ಮೂರು ಮಾತಲ್ಲಿ ಹೇಳಿದಳು. ಬಿದಿರುಗುಡ್ಡೆಗೆ ರಸ್ತೆ ಬೇಕು. ಬಸ್ಸು ಒಳಗೆ ಬರಬೇಕು. ನನ್ನ ಗಂಡನ್ನ ಗಾಡೀಲಿ ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದೋಗಿದೆ.

ಹರ್ಷವರ್ಧನ ಪ್ರೊಜೆಕ್ಟರಿನಿಂದ ಗೋಡೆ ಮೇಲೆ ಒಂದು ಪಟ್ಟಿ ಬಿಟ್ಟ. "ನೋಡಿಮ್ಮ, ನಾವು ಯಾರ ಮುಖ ನೋಡಿ ರಸ್ತೆ ಕೊಡಲ್ಲ. ಮಾರ್ಕ್ಸ್ ಇದೆ. ಒಂದು ದಿನಕ್ಕೆ ಎಷ್ಟು ವಾಹನ ಓಡಾಡುತ್ತೆ ಅಂತ ಎಣಿಸ್ತೀವಿ. ಜಾಸ್ತಿ ವಾಹನ ಇರೋ ರಸ್ತೆಗೆ ಮೊದಲು ದುಡ್ಡು. ನಿಮ್ಮ ರಸ್ತೆಗೆ ಎಷ್ಟು ಬಂದಿದೆ ನೋಡಿ."

ಪಟ್ಟಿಯ ಕೊನೆಯಲ್ಲಿ ಬಿದಿರುಗುಡ್ಡೆ. ಅದರ ಮುಂದೆ ಸೊನ್ನೆ.

"ರಸ್ತೆ ಇಲ್ದೆ ವಾಹನ ಎಲ್ಲಿಂದ ಬರ್ತದೆ ಸಾರ್?"

"ವಾಹನ ಇಲ್ದೆ ರಸ್ತೆ ಯಾಕಮ್ಮ?"

ಹಾಲಿನಲ್ಲಿ ನಗು ಎದ್ದಿತು. ಮುಂದಿನ ಸಾಲಿನ ಒಬ್ಬರು ಮೂಗಿಗೆ ಕರ್ಚೀಫ್ ಹಿಡಿದುಕೊಂಡೇ ನಕ್ಕರು. ಗುತ್ಯಮ್ಮ ಅವರ ಗುರುತು ಹಿಡಿದಳು. ಆ ಮನುಷ್ಯನ ಗೇಟಿನ ಮುಂದೆ ಹೋದ ವರ್ಷ ಬಾಂಡ್ಲಿ ಇಳಿಸಿ ಕುಡಿಯೋಕೆ ನೀರು ಕೇಳಿದ್ದಳು. ಗಿಡಕ್ಕೆ ಬಿಡುವ ಪೈಪು ತೋರಿಸಿದ್ದರು.

"ಎಣಿಸಿದ್ದು ಯಾರು ಸಾರ್? ನಾನಂತೂ ನೋಡ್ಲಿಲ್ಲ."

ಹರ್ಷವರ್ಧನ ಕೈಯಲ್ಲಿದ್ದ ಹಾಳೆ ತಿರುವಿಹಾಕಿದ. ಎಣಿಸಲು ಹೋದ ಜೀಪು ತಿರುವಿನಲ್ಲಿ ನಿಂತು, ಮುಂದೆ ನೋಡಿ, ಸೊನ್ನೆ ಬರೆದುಕೊಂಡು ವಾಪಸು ಬಂದಿತ್ತು. ಆ ರಸ್ತೆಯಲ್ಲಿ ಜೀಪು ಹೋಗುತ್ತಿರಲಿಲ್ಲ.

"ಇನ್ನೊಂದ್ಸಲ ಎಣಿಸ್ರಿ" ಅಂದಳು ಗುತ್ಯಮ್ಮ. "ಇಡೀ ದಿನ ಕೂತು ಎಣಿಸ್ರಿ. ಅಲ್ಲೀಗಂಟ ನಾನು ಕೂರಲ್ಲ." ಪೇಪರ್ ಹಾಸಿದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

ಷಡಕ್ಷರಪ್ಪನವರಿಗೆ ಊಟದ ಹೊತ್ತಾಗಿತ್ತು. "ಎಣಿಸಿಬಿಡ್ರಿ ಹರ್ಷ, ಆಯಮ್ಮಂಗೂ ಸಮಾಧಾನ ಆಗ್ಲಿ. ಸೊನ್ನೆನ ಎಷ್ಟು ಸಲ ಎಣಿಸಿದ್ರೂ ಸೊನ್ನೇನೇ" ಅಂದು ಎದ್ದರು.

ಮುಂದಿನ ಬುಧವಾರ ಬೆಳಿಗ್ಗೆ ತನುಜಾ ಅನ್ನುವ ಪಾಲಿಟೆಕ್ನಿಕ್ ಹುಡುಗಿ ಪ್ಲಾಸ್ಟಿಕ್ ಕುರ್ಚಿ, ಛತ್ರಿ, ಒಂದು ಕಟ್ಟು ಫಾರಂ ಹಿಡಿದು ಕಾಲೋನಿಗೆ ಬಂದಳು. ಕುರ್ಚಿಯನ್ನು ತಲೆ ಮೇಲೆ ಹೊತ್ತು ತಿರುವಿನಿಂದ ನಡೆದೇ ಬಂದಿದ್ದಳು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎಣಿಸುವುದು ಅವಳ ಕೆಲಸ. ಎಂಟೂವರೆಯವರೆಗೂ ಫಾರಂ ಮೇಲೆ ಒಂದು ಗೀಟೂ ಬಿದ್ದಿರಲಿಲ್ಲ. ಅವಳ ಮುಂದೆ ನೂರಾರು ಜನ ನಡೆದು ಹೋಗಿದ್ದರು. ಕೊಡ ಹೊತ್ತವರು, ಸಲಿಕೆ ಹಿಡಿದವರು, ಚೀಲ ನೇತುಹಾಕಿಕೊಂಡ ಸ್ಕೂಲು ಮಕ್ಕಳು.

ಗುತ್ಯಮ್ಮ ಅವಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಅದ್ರಲ್ಲಿ ಏನು ಬರ್ದೈತೆ ಓದವ್ವ."

ತನುಜಾ ಓದಿದಳು. "ಕಾರಿಗೆ ಒಂದು ಅಕ್ಕ. ಬೈಕಿಗೆ ಅರ್ಧ. ಬಸ್ಸು ಲಾರಿಗೆ ಮೂರು. ಸೈಕಲ್ಲಿಗೂ ಅರ್ಧ."

"ನಂಗೆ?"

"ಅಂದ್ರೆ?"

"ನಾನು ನಡ್ಕೊಂಡು ಹೋಗ್ತೀನಲ್ಲ. ನಂಗೆ ಎಷ್ಟು?"

ತನುಜಾ ಫಾರಮ್ಮನ್ನು ತಿರುಗಿಸಿ ಹಿಂದೆಯೂ ನೋಡಿದಳು. "ನಡೆಯೋರಿಗೆ ಕಾಲಂ ಇಲ್ಲ ಅಕ್ಕ."

"ತಲೆ ಮೇಲೆ ಬಾಂಡ್ಲಿ ಹೊತ್ಕೊಂಡು ಹೋದ್ರೆ?"

"ಅದೂ ಇಲ್ಲ."

ಗುತ್ಯಮ್ಮ ನೆತ್ತಿಯ ಬೋಳು ಜಾಗ ಸವರಿಕೊಂಡಳು. ತನುಜಾಗೆ ಏನಾದರೂ ಹೇಳಬೇಕು ಅನಿಸಿತು. ಕೊನೆಯ ಸಾಲಿಗೆ ಬೆರಳಿಟ್ಟು, "ತಳ್ಳುಗಾಡಿಗೆ ಇದೆ ಅಕ್ಕ. ಮೂರು" ಅಂದಳು.

"ಒಂದು ತಳ್ಳುಗಾಡಿಗೆ ಮೂರು ಕಾರಾ?"

"ಹೂಂ. ನಿಧಾನಕ್ಕೆ ಹೋಗುತ್ತಲ್ಲ, ಬೇರೆ ಗಾಡಿಗಳಿಗೆ ಅಡ್ಡ ಆಗುತ್ತೆ. ಎಷ್ಟು ಅಡ್ಡ ಆಗುತ್ತೋ ಅಷ್ಟು ಜಾಸ್ತಿ ಲೆಕ್ಕ. ಹಂಗೇ ಫಾರ್ಮುಲಾ."

ಗುತ್ಯಮ್ಮ ತನ್ನ ಮನೆ ಮುಂದಿನ ಸೊಪ್ಪಿನ ಗಾಡಿ ಕಡೆ ತಿರುಗಿ ನೋಡಿದಳು. ಆಮೇಲೆ ಎದ್ದು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲೋನಿಯ ಒಳಕ್ಕೆ ಕೂಗಿದಳು.

"ಲೇ ಪುಷ್ಪೀ! ಎಲ್ಲಾರ ಮನೆ ಗಾಡೀನೂ ಆಚೆಗೆ ಎಳೀರಿ! ನಮ್ ಮನೆಯೋನ್ನೂ ಎಬ್ಬಿಸು!"

ಒಂಬತ್ತು ಗಂಟೆಗೆ ಮೆರವಣಿಗೆ ಶುರುವಾಯಿತು. ಕಾಲೋನಿಯಲ್ಲಿ ವ್ಯಾಪಾರಕ್ಕೆ ಇನ್ನೂ ಹೊರಡದ ಹದಿನಾಲ್ಕು ಗಾಡಿ ಇದ್ದವು. ಹಣ್ಣಿನವು, ಸೊಪ್ಪಿನವು, ಒಂದು ಇಸ್ತ್ರಿಯದು. ಕಾಗದನಗರದ ಸಂತೆ ಜಾಗದಿಂದ ಇನ್ನೂ ಎಂಟು ಬಂದವು. ಚಕ್ರ ಅಲ್ಲಾಡುವವು, ಚಕ್ರಕ್ಕೆ ಹಗ್ಗ ಕಟ್ಟಿದವು. ತನುಜಾಳ ಕುರ್ಚಿಯ ಮುಂದೆ ಹೋಗಿ, ಹುಣಸೇಮರ ಸುತ್ತಿ, ವಾಪಸು ಬರುವುದು. ಮತ್ತೆ ಹೋಗುವುದು. ತನುಜಾ ಮೊದಲು ಬಾಯಿ ಬಿಟ್ಟು ನೋಡಿದಳು. ಆಮೇಲೆ ಫಾರಮ್ಮಿನ ಹಿಂದಿನ ಎಂಟನೇ ಸೂಚನೆಯನ್ನು ಎರಡು ಸಲ ಓದಿದಳು. ಎಣಿಕೆ ಜಾಗವನ್ನು ಹಾದುಹೋಗುವ ಪ್ರತಿ ವಾಹನಕ್ಕೂ ಪ್ರತಿ ಸಲವೂ ಒಂದು ಗೀಟು ಹಾಕತಕ್ಕದ್ದು. ಅವಳು ಗೀಟು ಹಾಕತೊಡಗಿದಳು.

ಭೂತಪ್ಪ ಮೊದಲ ಗಾಡಿಯ ಮೇಲೆ ಮಲಗಿದ್ದ. ಕುರ್ಚಿ ಬಂದಾಗಲೆಲ್ಲ ತಲೆಯೆತ್ತಿ, "ಮೇಡಂ, ಮೂರು ಕಾರು ಬಂದ್ವು. ನಾನು ನಡೂಮಧ್ಯದ ಕಾರಲ್ಲಿದೀನಿ" ಅನ್ನುತ್ತಿದ್ದ. ನಡೆಯಲಾರದ ಮುದುಕಿಯರನ್ನು ಕೂರಿಸಿ ತಳ್ಳಿದರು. ಮಧ್ಯಾಹ್ನ ಗಾಡಿಗಳ ಮೇಲೇ ಅನ್ನ ಸಾರು ಬಂತು. ತನುಜಾ ಎಡಗೈಯಲ್ಲಿ ಗೀಟು ಹಾಕುತ್ತಾ ಬಲಗೈಯಲ್ಲಿ ಉಂಡಳು. ಸಂಜೆ ಆರಕ್ಕೆ ಗೀಟು ಸಾವಿರದ ನೂರು ದಾಟಿತ್ತು. ಅವಳು ಮೂರರಿಂದ ಗುಣಿಸಿದಳು. ಎಲ್ಲರ ಕಾಲಲ್ಲೂ ಗುಳ್ಳೆ ಎದ್ದಿದ್ದವು. ಗುತ್ಯಮ್ಮನ ಅಂಗೈ ಚರ್ಮ ಹಿಡಿಕೆಗೆ ಅಂಟಿಕೊಂಡಿತ್ತು.

"ರವೀಂದ್ರನಗರಕ್ಕಿಂತ ಜಾಸ್ತಿ ಬಂತು ಅಕ್ಕ" ಅಂದಳು ತನುಜಾ. ಹರ್ಷವರ್ಧನ ಫೋನಿನಲ್ಲಿ ಆ ಲೆಕ್ಕ ಕೇಳಿ, ತಿದ್ದಿ ಬರೆ ಅಂತ ಗದರಿದ. ಅವಳು, "ಸಾರ್, ಸೂಚನೆ ಎಂಟನೇದು ಓದಿ ಸಾರ್" ಅಂದು ಫೋನಿಟ್ಟಳು.

ಸಮಿತಿ ಈ ಲೆಕ್ಕವನ್ನು ತಳ್ಳಿಹಾಕಲಿಲ್ಲ. ತಳ್ಳಿಹಾಕಿದ್ದರೆ ಬೈದು ಸುಮ್ಮನಾಗಬಹುದಿತ್ತು. ಸಮಿತಿ ಒಪ್ಪಿಕೊಂಡಿತು. ಸದರಿ ರಸ್ತೆಯಲ್ಲಿ ತಳ್ಳುಗಾಡಿಗಳಿಂದ ವಿಪರೀತ ವಾಹನ ದಟ್ಟಣೆ ಇರುವುದು ಕಂಡುಬಂದಿದೆ ಅಂತ ನಡಾವಳಿಯಲ್ಲಿ ಬರೆಯಿತು. ದಟ್ಟಣೆಗೆ ಪರಿಹಾರ ಏನು? ತಳ್ಳುಗಾಡಿ ನಿಷೇಧ. ರಸ್ತೆಯ ದುಡ್ಡಿನಲ್ಲಿ ಒಂದು ಬೋರ್ಡು ಬರೆಸಿದರು. ಕಾಲೋನಿಯ ಬಾಯಲ್ಲೇ ನೆಟ್ಟರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ, ರಾತ್ರಿ ಹೊಳೆಯುವಂಥದ್ದು. ಅದರ ಕೆಳಗೆ ಲೋಹಿತ್ ಅನ್ನುವ ಗಾರ್ಡನ್ನು ಕೂರಿಸಿದರು. ಬಿದಿರುಗುಡ್ಡೆಗೆ ಸರ್ಕಾರದ ಕಡೆಯಿಂದ ಬಂದ ಮೊದಲ ಸವಲತ್ತು ಅದು.

ಮಂಗಳವಾರ ಬೆಳಿಗ್ಗೆ ಗುತ್ಯಮ್ಮ ಗಂಡನನ್ನು ಕೂರಿಸಿಕೊಂಡು ಬಂದಾಗ ಲೋಹಿತ್ ಕೈ ಅಡ್ಡ ಹಿಡಿದ.

"ಗಾಡಿ ಬಿಡಂಗಿಲ್ಲ."

"ಪೇಷಂಟು ಕಣಪ್ಪ. ಆಸ್ಪತ್ರೆಗೆ."

"ಗೊತ್ತು ಅಕ್ಕ. ಬೆಳಿಗ್ಗೆನೇ ಎರಡು ಗಾಡಿ ಹಿಡ್ದು ಟೆಂಪೋಗೆ ಹಾಕಿ ಕಳಿಸಿದೀನಿ. ನಿಂದು ಬಿಟ್ರೆ ನನ್ನ ಕೆಲಸ ಹೋಗುತ್ತೆ. ಪೇಷಂಟ್ ಹೋಗ್ಬಹುದು. ಗಾಡಿ ಹೋಗಂಗಿಲ್ಲ."

ಈ ಗಾಡಿಯನ್ನೂ ಹಿಡಿದು ಕಳಿಸಿದರೆ ಶುಕ್ರವಾರಕ್ಕೆ ಏನು ಮಾಡುವುದು? ಗುತ್ಯಮ್ಮ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಕುಕ್ಕರುಗಾಲಲ್ಲಿ ಕೂತು, "ಹತ್ತು" ಅಂದಳು. ಭೂತಪ್ಪ ಅವಳ ಬೆನ್ನಿಗೆ ಆತುಕೊಂಡ. ಅವತ್ತು ಅವನು ಯಾರಿಗೂ ಕೈಮುಗಿಯಲಿಲ್ಲ, ಮತ ಕೇಳಲಿಲ್ಲ. ಮುಖವನ್ನು ಅವಳ ಹೆಗಲಿಗೆ ಒತ್ತಿಕೊಂಡಿದ್ದ. ಒಂದೂಕಾಲು ಕಿಲೋಮೀಟರ್. ನಾಲ್ಕು ಕಡೆ ಇಳಿಸಿದಳು. ಒಂದು ಕಡೆ ಬಿದ್ದಳು. ಅವನ ಮೊಣಕೈ ತರಚಿತು. ತಿರುವಿಗೆ ಬರುವಾಗ ಬಸ್ಸಿನ ಹಿಂಭಾಗ ಕಾಣುತ್ತಿತ್ತು. ಮುಂದಿನ ಬಸ್ಸು ಹಿಡಿದು ಆಸ್ಪತ್ರೆ ಮುಟ್ಟಿದಾಗ ಅವನ ಪಾಳಿ ಮುಗಿದು ಮೆಷಿನ್ನಿನಲ್ಲಿ ಬೇರೊಬ್ಬ ಮಲಗಿದ್ದ. ಅವನೂ ಇವನಂಥವನೇ, ಏಳು ಅನ್ನುವಂತಿರಲಿಲ್ಲ. ಶುಕ್ರವಾರ ತಪ್ಪಿಸಬೇಡಿ ಅಂದರು.

ಬುಧವಾರದ ಹೊತ್ತಿಗೆ ಭೂತಪ್ಪನ ಕಾಲು ಬಾಳೆದಿಂಡಿನಂತೆ ಊದಿತು. ಮಲಗಿದರೆ ಉಸಿರು ಸಿಗದೆ ಗೋಡೆಗೊರಗಿ ಕೂತೇ ಇದ್ದ. "ನಾನೊಂದು ಗಾಡಿಯಾಗಿದ್ರೆ ಚೆನ್ನಾಗಿತ್ತು ಕಣೇ, ಮೂರು ಕಾರಾದ್ರೂ ಆಗ್ತಿದ್ದೆ" ಅಂದ. ಗುತ್ಯಮ್ಮನಿಗೆ ನಗು ಬರಲಿಲ್ಲ.

ಗುರುವಾರ ಅವಳಿಗೆ ಕೆಲಸ ಇತ್ತು. ರವೀಂದ್ರನಗರದ ಅದೇ ರಸ್ತೆ. ನಾಲ್ಕನೇ ಸಲ.

ಹತ್ತು ಗಂಟೆಗೆ ಲಾರಿ ಬಂತು. ಎಂಟು ಹೆಂಗಸರು ಸಾಲಾಗಿ ನಿಂತಿದ್ದರು, ಎಂಟು ಜನವೂ ಬಿದಿರುಗುಡ್ಡೆಯವರು. ಷಡಕ್ಷರಪ್ಪ ಪೂಜೆಗೆ ಬಂದಿದ್ದರು. ಹರ್ಷವರ್ಧನ ಇದ್ದ. ರೋಲರಿಗೆ ಹೂವು ಹಾಕಿ ಕಾಯಿ ಒಡೆದರು. ಫೋಟೋದವನು ಮುಂದೆ ಬಂದ.

ಕಂಟ್ರ್ಯಾಕ್ಟರ್ ವಿಜಯಕುಮಾರ್ ಕೈ ಬೀಸಿದ. "ಗುತ್ಯಮ್ಮ, ಮೊದಲನೇ ಬಾಂಡ್ಲಿ ನಿಂದೇ. ಬಾ."

ಗುತ್ಯಮ್ಮ ಖಾಲಿ ಬಾಂಡ್ಲಿ ಹಿಡಿದು ರಸ್ತೆಯ ನಡುವಿಗೆ ಹೋದಳು. ಅದನ್ನು ಬೋರಲು ಹಾಕಿದಳು. ಅದರ ಮೇಲೆ ಕೂತಳು.

"ಏನೇ ಇದು?"

"ಕೂತೆ."

"ಅದು ಕಾಣ್ತಿದೆ. ಏಳು!"

"ಏಳಲ್ಲ."

ಹಿಂದೆ ಠಣ್ ಅಂತ ಇನ್ನೊಂದು ಬಾಂಡ್ಲಿ ಬೋರಲಾಯಿತು. ಪುಷ್ಪಮ್ಮ. ಆಮೇಲೆ ಇನ್ನೊಂದು. ಯಾರೂ ಮಾತಾಡಿಕೊಂಡಿರಲಿಲ್ಲ. ಎಂಟು ಬಾಂಡ್ಲಿ ರಸ್ತೆಯ ಅಗಲಕ್ಕೆ ಸರಿಯಾಗಿ ಸಾಲಾದವು.

ಹರ್ಷವರ್ಧನ ಬಂದ. "ಅಡ್ಡ ಕೂರಬಾರದಮ್ಮ. ನಿಮ್ಮ ಬೇಡಿಕೆ ಏನಿದ್ರೂ ಲಿಖಿತವಾಗಿ ಕೊಡಿ."

"ಎರಡು ಕೊಟ್ಟಿದೀನಿ ಸಾರ್. ಮೂರನೇ ಸಲ ಬಂದಿದ್ದಕ್ಕೆ ಪೇಪರ್ ಮೇಲೆ ಕೂರಿಸಿದ್ರಿ. ನಾಲ್ಕನೇ ಸಲ ಬೋರ್ಡು ನೆಟ್ರಿ. ಅಡ್ಡ ಬಂದ್ರೆ ಮಾತ್ರ ಲೆಕ್ಕ ಅಂತ ನಿಮ್ ಫಾರಮ್ಮಲ್ಲೇ ಐತಲ್ಲ. ಬಂದಿದೀವಿ. ಎಣಿಸ್ಕಳ್ರಿ."

"ನಿಮ್ಮ ಜನಕ್ಕೆ ಸಲಿಗೆ ಕೊಟ್ರೆ ಹಿಂಗೇ" ಅಂತ ವಿಜಯಕುಮಾರ್ ಕಿರುಚಿದ.

"ಸಲಿಗೆ ನೀವೇ ಇಟ್ಕಳ್ರಿ" ಅಂದಳು ಪುಷ್ಪಮ್ಮ. "ಸಲಿಕೇನೂ ನೀವೇ ಹಿಡ್ಕಳ್ರಿ."

ಷಡಕ್ಷರಪ್ಪ ಮೃದುವಾಗಿ ಶುರುಮಾಡಿದರು. "ನೋಡಮ್ಮ, ನಿನ್ನ ಗಂಡನ ವಿಷಯ ಗೊತ್ತಾಯ್ತು. ನಾನು ನನ್ನ ಸ್ವಂತ ಕೈಯಿಂದ ಒಂದು ವೀಲ್ ಚೇರ್ ಕೊಡಿಸ್ತೀನಿ."

"ಅದನ್ನ ಎಲ್ಲಿ ತಳ್ಳೋದು ಸ್ವಾಮಿ? ನಿಮ್ ಮನೆ ಹಾಲಲ್ಲಾ?"

ಫೋಟೋದವನು ನಕ್ಕುಬಿಟ್ಟ. ಷಡಕ್ಷರಪ್ಪ ಅವನನ್ನು ನೋಡಿದರು. ಅವನು ಕ್ಯಾಮೆರಾ ಒರೆಸತೊಡಗಿದ.

ಮುಕ್ಕಾಲು ಗಂಟೆ ಹೋಯಿತು. ನಾಳೆಯಿಂದ ಕೂಲಿ ಇಲ್ಲ ಅನ್ನುವುದು ಗುತ್ಯಮ್ಮನಿಗೆ ಗೊತ್ತಿತ್ತು. ಬಾಂಡ್ಲಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಲಾರಿಯ ಮೇಲಿನ ಹೊಗೆ ತೆಳ್ಳಗಾಗುತ್ತಾ ಬಂತು. ಡ್ರೈವರ್ ಆನಂದ್ ಮೇಲೆ ಹತ್ತಿ ಕಬ್ಬಿಣದ ಸರಳು ಚುಚ್ಚಿ ನೋಡಿದ.

"ಅಣ್ಣಾ, ಟಾರ್ಪಾಲು ಮುಚ್ಚಿದ್ರೆ ಇನ್ನೊಂದೂವರೆ ಗಂಟೆ ತಡೀಬಹುದು. ಆಮೇಲೆ ಲಾರಿಯೊಳಗೇ ಬಂಡೆ ಆಗುತ್ತೆ."

ವಿಜಯಕುಮಾರನಿಗೆ ತಲೆ ಕೆಟ್ಟಿತು. ಬೇರೆ ಕೂಲಿಯವರಿಗೆ ಮಾಡಿದ ನಾಲ್ಕು ಫೋನು ವ್ಯರ್ಥವಾಗಿದ್ದವು. "ಎಲ್ಲಾದ್ರೂ ಸುರಿದು ಬಾ ಹೋಗೋ! ಹೊಳೆಗೆ ಸುರಿ! ನಿಮ್ಮಜ್ಜಿ ತಲೆ ಮೇಲೆ ಸುರಿ!"

"ನಮ್ಮಜ್ಜಿ ಸತ್ತು ಎಂಟು ವರ್ಷ ಆಯ್ತು" ಅಂದ ಆನಂದ್. ಕೆಳಗಿಳಿದು, ಬೀಡಿ ಎಸೆದು, ಗುತ್ಯಮ್ಮನ ಹತ್ತಿರ ಬಂದ. ಅವನೂ ಭದ್ರಾವತಿಯವನು. ದನಿ ತಗ್ಗಿಸಿದ. "ಅಕ್ಕಾ, ಎಲ್ಲಾದ್ರೂ ಅಂದ್ರು. ನೀವೆಲ್ಲ ಕೇಳಿಸ್ಕೊಂಡ್ರಿ ತಾನೆ? ಬೇಗ ಹತ್ತಿ."

ಅವಳು ಅವನನ್ನು ನೋಡಿದಳು. ಎದ್ದಳು. ಎಂಟು ಜನವೂ ಎದ್ದರು. ಬುದ್ಧಿ ಬಂತು ಅಂತ ವಿಜಯಕುಮಾರ್ ಅಂದುಕೊಂಡ. ಅವರು ಬಾಂಡ್ಲಿ ಸಲಿಕೆ ಎತ್ತಿಕೊಂಡು, ನಾಲ್ವರು ಲಾರಿಯ ಕ್ಯಾಬಿನ್ನಿಗೆ, ನಾಲ್ವರು ಅದರ ಹಿಂದೆ ಬಂದಿದ್ದ ಸಾಮಾನಿನ ಟೆಂಪೋಗೆ ಹತ್ತಿದಾಗ ಬಾಯಿ ಬಿಟ್ಟುಕೊಂಡು ನಿಂತ.

ಖಾಲಿ ಆಟೋ ಬಾರದ ಬಿದಿರುಗುಡ್ಡೆ ದಾರಿಯಲ್ಲಿ ತುಂಬಿದ ಲಾರಿ ಹೋಯಿತು. ಆನಂದ್ ಒಂದೊಂದು ಗುಂಡಿಗೂ ಒಬ್ಬೊಬ್ಬ ದೇವರನ್ನು ಕರೆದ. ದೇವರುಗಳು ಮುಗಿದ ಮೇಲೆ ಸಮಿತಿ ಸದಸ್ಯರ ತಾಯಂದಿರನ್ನು ನೆನೆದ. ಅರ್ಧ ದಾರಿಯಲ್ಲಿ ಎಲ್ಲಕ್ಕಿಂತ ಆಳದ ತಗ್ಗು. ವರ್ಷವರ್ಷವೂ ಕಾಲೋನಿಯವರೇ ಇಟ್ಟಿಗೆ ಚೂರು ತುಂಬಿ ತುಂಬಿ ಅದರ ತಳ ಗಟ್ಟಿಯಾಗಿತ್ತು. ಗುತ್ಯಮ್ಮ ಅಲ್ಲಿ ಲಾರಿ ನಿಲ್ಲಿಸಿದಳು.

ಮಕ್ಕಳು ಓಡಿ ಸುದ್ದಿ ಮುಟ್ಟಿಸಿದರು. ಇಡೀ ಕಾಲೋನಿ ಬಂತು. ರೋಲರ್ ಇರಲಿಲ್ಲ. ಡ್ರಮ್ಮುಗಳಿಗೆ ನೀರು ತುಂಬಿ ಉರುಳಿಸಿದರು. ನೆಲ ಗುದ್ದುವ ದಮ್ಮಸ್ಸು ಇದ್ದವರು ದಮ್ಮಸ್ಸಿನಿಂದ ಗುದ್ದಿದರು, ಇಲ್ಲದವರು ಒನಕೆಯಿಂದ. ಲೋಹಿತ್ ಬೋರ್ಡಿನ ಕೆಳಗಿಂದ ಎದ್ದು ಬಂದು, ಸ್ವಲ್ಪ ಹೊತ್ತು ನೋಡಿ, ಶರ್ಟು ಬಿಚ್ಚಿ ಒಂದು ಸಲಿಕೆ ಹಿಡಿದ. ಗುತ್ಯಮ್ಮ ಬಾಂಡ್ಲಿ ಹೊತ್ತಳು. ಸ್ವಂತ ರಸ್ತೆ ಅಂತ ಭಾರ ಗೊತ್ತಾಗಲಿಲ್ಲ ಅಂದರೆ ಸುಳ್ಳು. ಯಾವತ್ತಿನಷ್ಟೇ ಭಾರ, ಯಾವತ್ತಿನಷ್ಟೇ ಬಿಸಿ. ಆದರೆ ಅವತ್ತು ಅವಳು ಒಂದೊಂದು ಬಾಂಡ್ಲಿ ಸುರಿದ ಮೇಲೂ ನಿಂತು, ಮಟ್ಟ ಸರಿಯಿದೆಯಾ ಅಂತ ಬಗ್ಗಿ ನೋಡಿದಳು. ಬೇರೆಯವರ ರಸ್ತೆಯಲ್ಲಿ ಅದು ಮೇಸ್ತ್ರಿಯ ಕೆಲಸ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮೂವತ್ತು ಮೀಟರ್ ರಸ್ತೆ ಆಯಿತು. ಎರಡೂ ಕಡೆ ಮಣ್ಣು, ನಡುವೆ ಕರ್ರಗೆ ಹೊಳೆಯುವ ಒಂದು ತುಂಡು.

ಸಂಜೆ ನಾಲ್ಕಕ್ಕೆ ಪೊಲೀಸರು ಬಂದರು. ಸಬ್ ಇನ್‌ಸ್ಪೆಕ್ಟರ್ ಸುಷ್ಮಾ, ಇಬ್ಬರು ಪೇದೆಗಳು, ಹಿಂದೆ ಷಡಕ್ಷರಪ್ಪ, ಹರ್ಷವರ್ಧನ, ವಿಜಯಕುಮಾರ್. ಜೀಪು ಕಾರು ಎರಡೂ ತಿರುವಿನಲ್ಲಿ ನಿಂತಿದ್ದವು. ಎಲ್ಲರೂ ನಡೆದು ಬಂದು ಬೆವೆತಿದ್ದರು. ಷಡಕ್ಷರಪ್ಪನವರ ಬಿಳಿ ಪಂಚೆ ಮೊಣಕಾಲಿನವರೆಗೆ ಕೆಂಪಾಗಿತ್ತು.

"ಸರ್ಕಾರದ ಡಾಂಬರು ಕಳವು ಅಂತ ದೂರು ಬಂದಿದೆ" ಅಂದಳು ಸುಷ್ಮಾ. "ಗುತ್ಯಮ್ಮ ಯಾರು?"

"ನಾನೇ ಮೇಡಂ."

"ಮಾಲು ಎಲ್ಲಿದೆ?"

"ನೀವು ನಿಂತಿರೋದೇ ಅದ್ರ ಮೇಲೆ."

ಸುಷ್ಮಾ ತನ್ನ ಬೂಟು ನೋಡಿಕೊಂಡಳು. ಪಕ್ಕಕ್ಕೆ ಸರಿದಳು. ಸರಿದಲ್ಲೂ ಡಾಂಬರೇ ಇತ್ತು. ಪೇದೆಗಳು ಟೇಪು ಹಿಡಿದು ಅಳೆದರು. ಪಂಚನಾಮೆ ಬರೆಯುವ ಪೇದೆ, "ಈ ಜಾಗಕ್ಕೆ ಏನಂತಾರೆ?" ಅಂತ ಕೇಳಿದ.

ಪುಷ್ಪಮ್ಮ ಮುಂದೆ ಬಂದು ಹೇಳಿದಳು. "ಷಡಕ್ಷರಪ್ಪನ ಗುಂಡಿ ಅಂತಾರೆ ಸಾರ್. ಓಟು ಕೇಳಾಕೆ ಬಂದಾಗ ಮುಚ್ಚಿಸ್ತೀನಿ ಅಂತ ಹೇಳಿ ಹೋದ್ರು. ಅವತ್ತಿಂದ ಅದೇ ಹೆಸರು."

ಪೇದೆ ತಲೆಯೆತ್ತದೆ ಬರೆದುಕೊಂಡ. ಷಡಕ್ಷರಪ್ಪನವರ ಮುಖ ಪಂಚೆಗೆ ಹತ್ತಿದ ಮಣ್ಣಿನ ಬಣ್ಣಕ್ಕೆ ಬಂತು. "ನಾಳೆನೇ ಜೆಸಿಬಿ ಕಳಿಸಿ ಇದನ್ನೆಲ್ಲ ಕಿತ್ತು ಹಾಕಿಸ್ತೀನಿ" ಅಂದರು.

"ಅದು ಆಗಲ್ಲ ಸರ್" ಅಂದಳು ಸುಷ್ಮಾ.

"ಯಾಕಾಗಲ್ಲ?"

"ನೀವೇ ಕಳವಿನ ಕೇಸು ಕೊಟ್ಟಿದೀರಿ. ಇದು ಕಳವಿನ ಮಾಲು. ಸಾಕ್ಷ್ಯ. ಕೋರ್ಟು ಹೇಳೋವರೆಗೂ ಒಂದು ಜಲ್ಲೀನೂ ಅಲ್ಲಾಡಿಸಂಗಿಲ್ಲ. ಮುಟ್ಟಿದ್ರೆ ನಿಮ್ಮ ಮೇಲೂ ಕೇಸ್ ಹಾಕ್ಬೇಕಾಗುತ್ತೆ. ಆ ಗಾರ್ಡನ್ನೂ ಬೋರ್ಡನ್ನೂ ಎತ್ತಿಸಿ. ಸಾಕ್ಷ್ಯ ಇರೋ ರಸ್ತೇಲಿ ಎಲ್ಲೂ ಬೇರೆ ಏನೂ ಇರಬಾರದು."

"ಕೋರ್ಟಲ್ಲಿ ಎಷ್ಟು ದಿನ ಆಗುತ್ತೆ?"

ಬರೆಯುತ್ತಿದ್ದ ಪೇದೆ ಮೀಸೆಯೊಳಗೆ ನಕ್ಕ.

ಗುತ್ಯಮ್ಮನ ಮೇಲೆ ಕೇಸಾಯಿತು. ಆರೋಪಿ ಒಂದು ಅವಳು, ಆರೋಪಿ ಎರಡು ಆನಂದ್. ವಿಜಯಕುಮಾರ್ ಎಂಟು ಜನರನ್ನೂ ಕೆಲಸದಿಂದ ತೆಗೆದ. ಬೇರೆ ಕಂಟ್ರ್ಯಾಕ್ಟರುಗಳಿಗೂ ಫೋನು ಮಾಡಿ ಹೇಳಿದ. ಮುಂದೆ ತಿಂಗಳುಗಟ್ಟಲೆ ಗುತ್ಯಮ್ಮ ಇಟ್ಟಿಗೆಗೂಡಿನಲ್ಲಿ ದುಡಿದಳು, ಅಲ್ಲೂ ತಲೆ ಮೇಲೆ ಹೊರುವುದೇ. ಉಳಿದ ಸಾವಿರದ ಇನ್ನೂರ ಇಪ್ಪತ್ತು ಮೀಟರಿಗೆ ಸಮಿತಿ ಇವತ್ತಿಗೂ ಕಾಸು ಬಿಚ್ಚಿಲ್ಲ. ಪುಷ್ಪಮ್ಮ ಪ್ರತಿ ಸಭೆಗೂ ಹೋಗಿ, ಪೇಪರ್ ಹಾಸುವ ಮೊದಲೇ ಕೂತು, ಕೇಳಿ ಬರುತ್ತಾಳೆ.

ಆದರೆ ಅದೆಲ್ಲ ಆಮೇಲಿನ ಮಾತು. ಮಾರನೇ ದಿನ ಶುಕ್ರವಾರ.

ಬೆಳಿಗ್ಗೆ ಗುತ್ಯಮ್ಮ ಗಾಡಿಗೆ ಗೋಣಿಚೀಲ ಹಾಸಿದಳು. ಊದಿದ ಕಾಲುಗಳನ್ನು ಒಂದೊಂದಾಗಿ ಎತ್ತಿಟ್ಟು ಗಂಡನನ್ನು ಕೂರಿಸಿದಳು. ಬೋರ್ಡಿದ್ದ ಜಾಗದಲ್ಲಿ ಗುಂಡಿ ಮಾತ್ರ ಇತ್ತು. ಅದನ್ನು ಬಳಸಿ ಹೋದಳು. ಮಣ್ಣಿನಲ್ಲಿ ಚಕ್ರ ಎಂದಿನಂತೆ ಹಠ ಮಾಡಿತು. ಅವಳು ಮೈಯನ್ನೆಲ್ಲ ಹಿಡಿಕೆಗೆ ಒತ್ತಿ, ಹಲ್ಲು ಕಚ್ಚಿ ತಳ್ಳಿದಳು. ತಗ್ಗಿನ ಅಂಚು ಬಂತು. ಮುಂದಿನ ಚಕ್ರ ಡಾಂಬರಿಗೆ ಹತ್ತಿತು.

ಗಾಡಿ ಓಡಿತು.

ಹಿಡಿಕೆ ಅವಳ ಕೈಯಿಂದ ಜಾರಿತು. ಎರಡು ವರ್ಷದಿಂದ ತಳ್ಳಿ ಗೊತ್ತೇ ಹೊರತು ಅವಳಿಗೆ ಹಿಡಿದು ಗೊತ್ತಿರಲಿಲ್ಲ. ಸೀರೆ ಎತ್ತಿಕೊಂಡು ಹಿಂದೆ ಓಡಿದಳು. ಗಾಡಿ ಇಳಿಜಾರಿನಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು. ಮೇಲೆ ಭೂತಪ್ಪ ಎರಡೂ ಕೈಯಲ್ಲಿ ಗಾಡಿಯ ಅಂಚಿನ ಪಟ್ಟಿ ಹಿಡಿದು, ಉಸಿರಾಡಲು ಆಗದಿದ್ದರೂ ಕೂಗುತ್ತಿದ್ದ.

"ಹಿಡಿಯೇ ಮಾರಾಯ್ತಿ! ಬ್ರೇಕಿಲ್ಲ!"

ಗುತ್ಯಮ್ಮ ನಗುತ್ತಾ ಓಡುತ್ತಿದ್ದಳು. ಹಿಡಿಯಲು ಆತುರಪಡಲಿಲ್ಲ.